ನೊಂದ ನಾಗರಿಕರೊಬ್ಬರ ಅಭಿಪ್ರಾಯ

ಮಾಗಡಿ
9 ಡಿಸೆಂಬರ್ 2025

ಪ್ರೀತಿಯ ಮುಬಶ್ಶಿರಾ,

ಈ ಸಲ ಕಾಗದ ತಡ ಮಾಡಿದವಳು ನಾನೇ. ಹತ್ತನೇ ತರಗತಿ ಮುಗಿಯುತ್ತಲೇ ನಿನ್ನ ಮನೆಯವರು ಓದು ಬಿಡಿಸಿದಾಗ, ತಿಂಗಳಿಗೊಂದು ಕಾಗದ ಬರೆಯಬೇಕು, ಕನ್ನಡ ಮರೆಯಬಾರದು ಎಂದು ನಿನ್ನಿಂದ ಮಾತು ತೆಗೆದುಕೊಂಡಿದ್ದೆ. ಇಪ್ಪತ್ತೈದು ವರ್ಷ ನೀನು ತಪ್ಪಲಿಲ್ಲ. ಪಾಠ ಹೇಳಿದವಳೇ ತಪ್ಪಿದೆ.

ಕಾರಣ ಮೇಘನಾ, ನನ್ನ ತಮ್ಮ ಪ್ರಭುಲಿಂಗನ ಮಗಳು. ಪಶುವೈದ್ಯಕೀಯ ಮುಗಿಸಿದ್ದಾಳಲ್ಲ, ದೆಹಲಿಯಲ್ಲಿ ಸಂದರ್ಶನವಿತ್ತು. ವಿಮಾನ ರದ್ದಾಗಿ ಎರಡು ದಿನ ದೇವನಹಳ್ಳಿಯ ನಿಲ್ದಾಣದಲ್ಲಿ ನೆಲದ ಮೇಲೆ ಕೂತಿದ್ದಳು. ಬೇರೆ ಕಂಪನಿಯ ಟಿಕೆಟ್ ಕೇಳಿದರೆ ನಾಲ್ಕರಷ್ಟು. ಸಂದರ್ಶನ ಕೈತಪ್ಪಿತು. ಮಗು ಮನೆಗೆ ಬಂದು ಬ್ಯಾಗನ್ನೂ ಬಿಚ್ಚದೆ ಮಲಗಿತು.

ನಾನು ಸುಮ್ಮನಿರುವವಳೇ? ಪತ್ರಿಕೆಯ ಓದುಗರ ಅಂಕಣಕ್ಕೆ ಬರೆದೆ. ಇಷ್ಟು ದೊಡ್ಡ ದೇಶದ ಆಕಾಶವನ್ನು ಒಂದೆರಡು ಕಂಪನಿಗಳ ಕೈಗೆ ಕೊಟ್ಟರೆ ಹೀಗೇ ಆಗುವುದು. ಮಾಗಡಿ ರಸ್ತೆಗೆ ಖಾಸಗಿ ಬಸ್ಸು ಬಂದ ಮೇಲೆ ತಾನೇ ಸರ್ಕಾರಿ ಬಸ್ಸು ಹೊತ್ತಿಗೆ ಸರಿಯಾಗಿ ಬರತೊಡಗಿದ್ದು. ಹೊಸಬರು ಬರಲಿ, ಪೈಪೋಟಿ ಇರಲಿ ಎಂದು. ಮೊನ್ನೆ ಮೊದಲ ಪತ್ರವಾಗಿ ಅಚ್ಚಾಯಿತು, ಹೆಸರು ಸಮೇತ. ಹೋಟೆಲಿನಲ್ಲಿ ಓದಿ ಹೇಳಿದರಂತೆ. ನಿವೃತ್ತಳಾಗಿ ಎಂಟು ವರ್ಷವಾದರೂ ಊರಿಗೆ ನನ್ನ ಅಭಿಪ್ರಾಯ ಬೇಕಾಗಿದೆ ಎಂದರೆ ಸಂತೋಷವೇ.

ನಿನ್ನ ರೇಷ್ಮೆ ಘಟಕ ಹೇಗೆ ನಡೆದಿದೆ? ಬಿಡುವು ಮಾಡಿಕೊಂಡು ಬರಿ.

ನಿನ್ನ ಮೇಡಂ,
ಗಿರಿಜಾಂಬ


ರಾಮನಗರ
18 ಡಿಸೆಂಬರ್ 2025

ಗೌರವಾನ್ವಿತ ಮೇಡಂ ಅವರಿಗೆ ಮುಬಶ್ಶಿರಾಳ ವಂದನೆಗಳು.

ನಿಮ್ಮ ಪತ್ರ ಪೇಪರಿನಲ್ಲಿ ಓದಿದೆ. ನಮ್ಮ ಮನೆಯವರಿಗೂ ಓದಿ ಹೇಳಿದೆ. ಮೇಘನಾಗೆ ಬೇರೆ ಅವಕಾಶ ಖಂಡಿತ ಬರುತ್ತದೆ.

ನೀವು ವಿಮಾನದ ಬಗ್ಗೆ ಬರೆದಿದ್ದು ನನ್ನ ಘಟಕಕ್ಕೂ ಸರಿಹೋಗುತ್ತದೆ ಮೇಡಂ. ಎರಡು ತಿಂಗಳ ಹಿಂದೆ ವಾಸಿಂ ಎಂಬುವನನ್ನು ಕೆಲಸಕ್ಕೆ ಇಟ್ಟುಕೊಂಡೆ. ಬಂಗಾಳದ ಮಾಲ್ದಾದವನು. ಅಲ್ಲಿಯೂ ರೇಷ್ಮೆಯೇ ಕಸುಬು. ಬಿಸಿನೀರಿನಲ್ಲಿ ಬೆಂದ ಗೂಡಿಗೆ ಬೆರಳು ತಾಗಿಸಿದರೆ ಸಾಕು, ಎಳೆ ತಾನಾಗಿ ಎದ್ದು ಬರುತ್ತದೆ. ನಮ್ಮವರು ಅರ್ಧ ಗೂಡು ಹಾಳು ಮಾಡಿ ಎಳೆ ಹುಡುಕುತ್ತಾರೆ. ಈಗಿನ ಹುಡುಗಿಯರು ಆ ಬಿಸಿನೀರಿಗೆ ಕೈ ಹಾಕಲು ಒಪ್ಪುವುದೂ ಇಲ್ಲ, ಗಾರ್ಮೆಂಟ್ಸ್ ಬಸ್ಸು ಹತ್ತುತ್ತಾರೆ. ಅವರದೂ ತಪ್ಪಲ್ಲ. ವಾಸಿಂ ಬಂದ ಮೇಲೆ ಹಳಬರ ಕೈಯೂ ಚುರುಕಾಗಿದೆ. ಇದೂ ಪೈಪೋಟಿಯೇ ಅಲ್ಲವೇ? ಅವನ ಹೆಂಡತಿ ನಿಖಾತ್ ನೂಲು ಒಣಗಿಸಲು ನೆರವಾಗುತ್ತಾಳೆ. ಹಿಂದಿನ ಕೋಣೆಯಲ್ಲೇ ಇದ್ದಾರೆ. ಪಾಪ, ಮೂಲ ಕಾಗದಗಳನ್ನೆಲ್ಲ ಊರಿನಲ್ಲೇ ಬಿಟ್ಟು ಬಂದಿದ್ದಾರೆ. ಇರುವುದು ಮೊಬೈಲಿನ ಫೋಟೋಗಳಷ್ಟೇ.

ಬೋರಮ್ಮನಿಗೆ ಮಾತ್ರ ಸಿಟ್ಟು. ನಮ್ಮ ಮಾವನವರ ಕಾಲದಿಂದ, ಇಪ್ಪತ್ತೆರಡು ವರ್ಷದಿಂದ, ಇಲ್ಲಿ ದುಡಿಯುತ್ತಿರುವವಳಲ್ಲವೇ. ಮೊನ್ನೆ ಒಲೆ ಮುಂದೆ ಕೂತು, "ಒರಗ್ನೋರು ಬಂದ್ ಕುಂತ್ರೆ ನಮ್ ಮಕ್ಳು ಎಲ್ಲಿಗೋಗ್ಬೇಕು? ನಮ್ಮನ್ನಕ್ಕೆ ಅವ್ರು ಎಲೆ ಆಕವ್ರೆ" ಎಂದಳು. ನನಗೆ ನಗು ಬಂತು. ನಿಮಗೆ ಹೇಳಬೇಕೆನಿಸಿತು.

ಆರೋಗ್ಯ ನೋಡಿಕೊಳ್ಳಿ ಮೇಡಂ.

ನಿಮ್ಮ ವಿದ್ಯಾರ್ಥಿನಿ,
ಮುಬಶ್ಶಿರಾ


ಮಾಗಡಿ
26 ಡಿಸೆಂಬರ್ 2025

ಪ್ರೀತಿಯ ಮುಬಶ್ಶಿರಾ,

ನಿನ್ನ ಮಾತನ್ನು ನಾನು ಒಪ್ಪಲಾರೆ. ವಿಮಾನ ಬೇರೆ, ಮನುಷ್ಯ ಬೇರೆ. ದೇಶದ ಸಂಪತ್ತು ಮನೆಯ ಕಣಜ ಇದ್ದಂತೆ. ಮನೆಯವರು ಬೆಳೆದು ತುಂಬಿದ್ದನ್ನು ಯಾರು ಯಾರೋ ಬಂದು ಮೊಗೆದರೆ ಉಳಿಯುವುದೇನು? ಶ್ರೀಮಂತ ದೇಶಗಳೆಲ್ಲ ಗಡಿ ಬಿಗಿ ಮಾಡಿಕೊಳ್ಳುತ್ತಿವೆ. ಅವರೇನು ದಡ್ಡರೇ? ಮಾಲ್ದಾದವನು ಎನ್ನುತ್ತೀಯ. ಅವನು ಗಡಿಯ ಆಚೆಯವನಲ್ಲ ಎಂದು ಮೊಬೈಲಿನ ಫೋಟೋ ನೋಡಿ ಹೇಗೆ ನಂಬುವುದು? ನಿನ್ನ ಬೋರಮ್ಮ ಅಕ್ಷರ ಕಲಿಯದಿದ್ದರೂ ವಿಷಯ ಬಲ್ಲವಳು.

ನೀನು ನಕ್ಕಿದ್ದು ನನಗೆ ಸರಿಕಾಣಲಿಲ್ಲ. ಕೋಪವಿಲ್ಲ. ಆದರೆ ಯೋಚಿಸು.

ಗಿರಿಜಾಂಬ


ರಾಮನಗರ
14 ಜನವರಿ 2026

ಮೇಡಂ ಅವರಿಗೆ,

ಏನು ಬರೆಯುವುದು, ಎಲ್ಲಿಂದ ಶುರು ಮಾಡುವುದು ತಿಳಿಯುತ್ತಿಲ್ಲ. ನೀವು ಬರೆಯುವ ಅಂಕಣದಲ್ಲೇ, ಹೋದ ಬುಧವಾರ, ಒಂದು ಪತ್ರ ಬಂದಿದೆ. ನೀವೂ ನೋಡಿರುತ್ತೀರಿ. ಬರೆದವರ ಹೆಸರಿಲ್ಲ. "ನೊಂದ ನಾಗರಿಕರೊಬ್ಬರು" ಎಂದಷ್ಟೇ ಇದೆ. ರಾಮನಗರದ ರೈಲು ನಿಲ್ದಾಣದ ಹಿಂದಿನ ಬೀದಿಯ ರೇಷ್ಮೆ ಘಟಕವೊಂದರಲ್ಲಿ ದಾಖಲೆಯಿಲ್ಲದ ಹೊರಗಿನವರನ್ನು ಇಟ್ಟುಕೊಂಡಿದ್ದಾರೆ, ಮಾಲ್ದಾ ಎಂದು ಹೇಳಿಕೊಳ್ಳುತ್ತಾರೆ, ಯಾವ ದೇಶದವರೋ ವಿಚಾರಿಸುವವರಿಲ್ಲ ಎಂದು. ಆ ಬೀದಿಯಲ್ಲಿರುವ ಘಟಕ ನಮ್ಮದೊಂದೇ.

ಮರುದಿನ ನಾಲ್ವರು ಬಂದು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಾ ಒಳಗೆ ನುಗ್ಗಿದರು. ನಿಖಾತ್ ನೂಲಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಳು. ಆಮೇಲೆ ಠಾಣೆಯವರು ಬಂದರು. ಒರಟಾಗಿ ನಡೆದುಕೊಳ್ಳಲಿಲ್ಲ. ಆದರೆ ದೂರು ಪೇಪರಿನಲ್ಲಿ ಬಂದ ಮೇಲೆ ತಾವು ಸುಮ್ಮನಿರುವ ಹಾಗಿಲ್ಲ, ಫೋನಿನ ಆಧಾರ್ ಸಾಲದು, ಮೂಲ ದಾಖಲೆ ಬರುವವರೆಗೆ ಬಿಡಲಾಗುವುದಿಲ್ಲ ಎಂದು ವಾಸಿಂನನ್ನು ಕರೆದುಕೊಂಡು ಹೋದರು. ಕೈ ಒರೆಸಿಕೊಳ್ಳಲೂ ಅವನಿಗೆ ಪುರಸೊತ್ತಾಗಲಿಲ್ಲ.

ಆ ಪತ್ರದಲ್ಲಿ "ನಮ್ಮ ಅನ್ನಕ್ಕೆ ಅವರು ಎಲೆ ಹಾಕಿದ್ದಾರೆ" ಎಂಬ ಮಾತಿದೆ ಮೇಡಂ. ಅದು ಬೋರಮ್ಮನ ಮಾತು. ನಮ್ಮ ಒಲೆ ಮುಂದೆ ಆಡಿದ್ದು. ಅವಳನ್ನು ಎಲ್ಲರ ಎದುರು ನಿಲ್ಲಿಸಿ ಕೇಳಿದೆ. "ನಂಗೆ ಓದಾಕೇ ಬರಾಕಿಲ್ಲ ಕಣವ್ವ, ನಾನೇನ್ ಬರ್ದೇನು?" ಎಂದಳು. ಯಾರ ಕೈಲೋ ಬರೆಸಿದ್ದೀಯ, ನಾಳೆಯಿಂದ ಬರಬೇಡ ಎಂದುಬಿಟ್ಟೆ. ಅವಳು ಅಳಲಿಲ್ಲ. ಊಟದ ಡಬ್ಬಿ ತೆಗೆದುಕೊಂಡು ಹೋದಳು. ಗುಡೇಮಾರನಹಳ್ಳಿಯಲ್ಲಿರುವ ಮಗಳ ಮನೆ ಸೇರಿದ್ದಾಳೆ ಎಂದು ಕೇಳಿದೆ.

ನನಗೆ ದಾರಿ ಕಾಣದಾಗ ನೀವೇ ನೆನಪಾಗುವುದು. ಅವನ ಪರವಾಗಿ ಅದೇ ಪೇಪರಿಗೆ ಒಂದು ಪತ್ರ ಬರೆಯುತ್ತೀರಾ? ನಿಮ್ಮ ಹೆಸರಿಗೆ ತೂಕವಿದೆ. ನಿಖಾತ್ ಊರಿಗೆ ಹೋಗಿ ಕಾಗದ ತರಬೇಕು. ರೈಲಿನಲ್ಲಿ ಹೋಗಿ ಬರಲು ಒಂದು ವಾರ ಬೇಕು, ಅದಕ್ಕೂ ಸೀಟಿಲ್ಲ. ವಿಮಾನ ಕೇಳಿದರೆ ಮೈ ಬೆವರುವ ಬೆಲೆ.

ನಿಮ್ಮ,
ಮುಬಶ್ಶಿರಾ


ಮಾಗಡಿ
17 ಜನವರಿ 2026
(ಈ ಕಾಗದ ಅಂದು ಅಂಚೆಗೆ ಹೋಗಲಿಲ್ಲ)

ಮುಬಶ್ಶಿರಾ,

ಬೋರಮ್ಮನನ್ನು ವಾಪಸ್ಸು ಕರೆಸಿಕೋ. ಅವಳು ಬರೆದದ್ದಲ್ಲ, ಬರೆಸಿದ್ದೂ ಅಲ್ಲ. ಅದನ್ನು ಬರೆದವಳು ನಾನು. ನಿನ್ನ ಡಿಸೆಂಬರಿನ ಕಾಗದವನ್ನು ಪಕ್ಕದಲ್ಲಿ ಇಟ್ಟುಕೊಂಡು, ಅದರಿಂದ ಒಂದೊಂದೇ ಸಾಲು ಎತ್ತಿ ಬರೆದೆ. ನಿನ್ನ ಹೆಸರು ಹಾಕಲಿಲ್ಲ, ಆದ್ದರಿಂದ ನಿನಗೇನೂ ಆಗದು ಎಂದುಕೊಂಡೆ. ನನ್ನ ಹೆಸರನ್ನೂ ಹಾಕಲಿಲ್ಲ, ಏಕೆಂದರೆ


ಮಾಗಡಿ
17 ಜನವರಿ 2026

ಪ್ರೀತಿಯ ಮುಬಶ್ಶಿರಾ,

ನಿನ್ನ ಕಾಗದ ಓದಿ ಊಟ ಸೇರಲಿಲ್ಲ. ಪತ್ರಿಕೆಗೆ ಇಂದೇ ಬರೆದು ಕಳುಹಿಸಿದ್ದೇನೆ, ನನ್ನ ಪೂರ್ತಿ ಹೆಸರು ಹಾಕಿ. ಭಾರತದ ಪ್ರಜೆ ದೇಶದಲ್ಲಿ ಎಲ್ಲಿ ಬೇಕಾದರೂ ದುಡಿಯಬಹುದು ಎಂದು ಸಂವಿಧಾನದ ಮಾತನ್ನೇ ಎತ್ತಿ ಬರೆದಿದ್ದೇನೆ.

ನಿಖಾತ್‌ಗೆ ಮೇಘನಾಳ ಕೈಲಿ ವಿಮಾನದ ಟಿಕೆಟ್ ಮಾಡಿಸಿದ್ದೇನೆ. ಮಂಗಳವಾರ ಬೆಳಿಗ್ಗೆ, ಕೋಲ್ಕತ್ತಾಕ್ಕೆ. ಬರುವುದಕ್ಕೂ ಆಗಿದೆ. ಇದರ ಬೆಲೆಯ ಮಾತು ನಮ್ಮಿಬ್ಬರ ನಡುವೆ ಬರಬಾರದು. ನಿಲ್ದಾಣದಲ್ಲಿ ಎಲ್ಲಿ ಹೋಗಬೇಕು, ಫೋನಿನಲ್ಲೇ ಆಧಾರ್ ಇಳಿಸಿಕೊಂಡು ತೋರಿಸುವುದು ಹೇಗೆ ಎಂಬುದನ್ನೆಲ್ಲ ಮೇಘನಾ ಫೋನಿನಲ್ಲಿ ಅವಳಿಗೆ ಹೇಳಿಕೊಡುತ್ತಾಳೆ.

ಬೋರಮ್ಮನ ವಿಷಯದಲ್ಲಿ ಅವಸರ ಮಾಡಿದೆಯೇನೋ. ಇನ್ನೊಮ್ಮೆ ಯೋಚಿಸು.

ಗಿರಿಜಾಂಬ


ರಾಮನಗರ
9 ಫೆಬ್ರವರಿ 2026

ಪ್ರೀತಿಯ ಮೇಡಂ,

ವಾಸಿಂ ಹೊರಗೆ ಬಂದ. ಇಪ್ಪತ್ತೊಂದು ದಿನವಾಗಿತ್ತು. ನಿಖಾತ್ ಊರಿನಿಂದ ವಾಸಿಂನ ಅಜ್ಜನ ಕಾಲದ ಜಮೀನು ಪತ್ರ, ಅವನ ಶಾಲೆಯ ಸರ್ಟಿಫಿಕೇಟು ಎರಡನ್ನೂ ಸೀರೆಯಲ್ಲಿ ಸುತ್ತಿ ತಂದಿದ್ದಳು. ನೋಡಿದ ಅಧಿಕಾರಿ, ಎಲ್ಲಾ ಸರಿಯಾಗಿದೆ, ಮೊದಲೇ ತರಬಾರದಿತ್ತೇ ಎಂದರಂತೆ.

ನಿಮ್ಮ ಪತ್ರವನ್ನು ಕತ್ತರಿಸಿ ಘಟಕದ ಗೋಡೆಗೆ ಅಂಟಿಸಿದ್ದೇನೆ. ವಕೀಲರೂ ಅದನ್ನು ತೋರಿಸಿದರು. ನೀವು ಇಲ್ಲದಿದ್ದರೆ ನಾವು ಮುಳುಗಿಹೋಗುತ್ತಿದ್ದೆವು ಮೇಡಂ. ಗುರು ದೇವರ ಸಮಾನ ಎಂದು ನೀವು ಶಾಲೆಯಲ್ಲಿ ಹೇಳಿಸುತ್ತಿದ್ದಾಗ ಬಾಯಿಪಾಠವಾಗಿ ಹೇಳುತ್ತಿದ್ದೆ. ಈಗ ಅರ್ಥವಾಯಿತು. ನಿಖಾತ್ ನಿಮ್ಮನ್ನು ನೋಡಿ ಕಾಲಿಗೆ ಬೀಳಬೇಕು ಎನ್ನುತ್ತಿದ್ದಳು.

ಆದರೆ ಅವರು ಉಳಿಯಲಿಲ್ಲ. ವಾಸಿಂ ಐದು ದಿನ ಕೆಲಸಕ್ಕೆ ಕೂತ. ಆರನೆಯ ದಿನ ಬಂದು, ಯಾರ ಮೇಲೂ ಸಿಟ್ಟಿಲ್ಲ ದೀದಿ, ಆದರೆ ಬಾಗಿಲಲ್ಲಿ ಯಾರಾದರೂ ಬಂದು ನಿಂತರೆ ಎಳೆ ತಪ್ಪಿಹೋಗುತ್ತದೆ ಎಂದ. ರಂಜಾನ್‌ಗೆ ಮುಂಚೆ ಊರು ಸೇರುತ್ತೇವೆ ಎಂದು ಶುಕ್ರವಾರ ರೈಲು ಹತ್ತಿದರು. ಹೋಗುವ ದಿನ ನಿಖಾತ್ ಕೋಣೆಯನ್ನು ಗುಡಿಸಿ, ನೀರು ಹಾಕಿ ತೊಳೆದು, ಬೀಗದ ಕೈ ತಂದುಕೊಟ್ಟಳು.

ಬೋರಮ್ಮನ ಹೆಸರು ಎತ್ತಬೇಡಿ ಮೇಡಂ. ಇದೆಲ್ಲ ಅವಳ ಬಾಯಿಂದ ಆದದ್ದು. ಉಂಡ ಮನೆಗೆ ಎರಡು ಬಗೆದಳು.

ನಿಮ್ಮ ಋಣದಲ್ಲಿರುವ,
ಮುಬಶ್ಶಿರಾ


ಮಾಗಡಿ
2 ಮಾರ್ಚ್ 2026

ಮುಬಶ್ಶಿರಾ,

ಇದನ್ನು ಕೂತು ಓದು. ಜೊತೆಗೆ ಜನವರಿ ಹದಿನೇಳರ ತಾರೀಖಿನ ಇನ್ನೊಂದು ಕಾಗದವಿದೆ. ಅರ್ಧಕ್ಕೆ ನಿಂತಿದೆ. ಮೊದಲು ಅದನ್ನು ಓದು.

ಓದಿದೆಯಲ್ಲ. ಆ ನೊಂದ ನಾಗರಿಕರು ನಾನೇ.

ಏಕೆ ಬರೆದೆ ಎಂದು ಕೇಳುತ್ತೀಯ. ದೇಶದ ಚಿಂತೆಯಿಂದ ಎಂದು ನನಗೆ ನಾನೇ ಎಷ್ಟೋ ದಿನ ಹೇಳಿಕೊಂಡೆ. ಅದಲ್ಲ. ಪೈಪೋಟಿ ಬೇಕು ಎಂದು ನಾನು ಬರೆದದ್ದನ್ನೇ ಹಿಡಿದು, ಇದೂ ಪೈಪೋಟಿಯೇ ಅಲ್ಲವೇ ಎಂದು ಕೇಳಿದೆ ನೀನು. ಅದಕ್ಕೆ ಕಣಜ ಗಿಣಜ ಎಂದು ಏನೋ ಬರೆದೆ, ಅದು ಪೊಳ್ಳು ಎಂದು ಬರೆಯುವಾಗಲೇ ಗೊತ್ತಿತ್ತು. ನಾನು ಅಕ್ಷರ ತಿದ್ದಿಸಿದ ಹುಡುಗಿ ನಗುನಗುತ್ತಾ ನನ್ನನ್ನು ಸೋಲಿಸಿದಳು ಎಂಬುದೇ ಚುಚ್ಚಿತು. ನಿನ್ನ ಎದುರು ಗೆಲ್ಲಲಾಗಲಿಲ್ಲ, ಅಚ್ಚಿನಲ್ಲಿ ಗೆಲ್ಲೋಣ ಎಂದುಕೊಂಡೆ. ನನ್ನ ಹೆಸರು ನಿನ್ನ ಕಣ್ಣಿಗೆ ಬೀಳಬಾರದೆಂದು ಮುಚ್ಚಿಟ್ಟೆ. ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವಳು ಮಾಡಿದ ಕೆಲಸ ಇದು.

ಟಿಕೆಟ್ ಕೊಡಿಸಿದ್ದು ಒಳ್ಳೆಯತನದಿಂದಲ್ಲ, ಹೆದರಿಕೆಯಿಂದ. ನೀನು ದೇವರ ಸಮಾನ ಎಂದು ಬರೆದ ಕಾಗದ ಬಂದ ದಿನ, ಅದನ್ನು ಎಲ್ಲಿಡಬೇಕೋ ತಿಳಿಯದೆ ಅಕ್ಕಿ ಡಬ್ಬದ ಹಿಂದೆ ಇಟ್ಟೆ. ಆಗಲಾದರೂ ಹೇಳಬೇಕಿತ್ತು. ಹೇಳಿದರೆ ನಿನ್ನನ್ನು ಕಳೆದುಕೊಳ್ಳುತ್ತೇನೆ ಎಂದು ಇಪ್ಪತ್ತು ದಿನ ತಳ್ಳಿದೆ. ಅಷ್ಟು ದಿನವೂ ಬೋರಮ್ಮ ಕಳ್ಳಿಯಾಗಿದ್ದಳು.

ನಿನ್ನೆ ಗುಡೇಮಾರನಹಳ್ಳಿಗೆ ಹೋಗಿದ್ದೆ. ನಿನಗೆ ಹೇಳುವ ಮುಂಚೆ ಅವಳಿಗೆ ಹೇಳಬೇಕು ಎನಿಸಿತು. ಬಸ್ಸಿಳಿದು ಮಗಳ ಮನೆ ಕೇಳಿಕೊಂಡು ಹೋದಾಗ ಜಗುಲಿಯ ಮೇಲೆ ಹುಣಸೆಹಣ್ಣು ಕುಟ್ಟುತ್ತಾ ಕೂತಿದ್ದಳು. ನನ್ನ ಗುರುತು ಹೇಳಿದೆ. ಎದ್ದು ಚಾಪೆ ಹಾಕಿದಳು, ನೀರು ಕೊಟ್ಟಳು. ನೀರು ಕುಡಿದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಹೇಳಿದೆ. ಕೈಯಲ್ಲಿದ್ದ ಕೊಡತಿ ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು.

"ಆ ಮಾತ ನಾನು ಅಂದಿದ್ದು ದಿಟ ಕಣ್ ಟೀಚರಮ್ಮ," ಎಂದಳು. "ಒಟ್ಟೆಕಿಚ್ಚಿಗೆ ಅಂದೆ. ಅಂದಿದ್ದು ಒಲೆ ಮುಂದೆ. ಮಾರ್ನೇ ದಿನ ಅವ್ನೆಂಡ್ತಿಗೆ ಜರ ಬಂದಿತ್ತು, ನಾನೇ ಗಂಜಿ ಕಾಯ್ಸಿ ಕೊಟ್ಟಿವ್ನಿ. ನೀವು ನನ್ ಮಾತ್ ಒಂದ್ನೇ ಬರ್ಕಂಡ್ರಿ. ಗಂಜಿ ಕೊಟ್ಟಿದ್ದ ಬರೀನಿಲ್ಲ."

ಗಂಜಿಯ ವಿಷಯ ನನಗೆ ಗೊತ್ತಿರಲಿಲ್ಲ ಎಂದೆ. "ಕೇಳಿದ್ರೆ ಗೊತ್ತಾಗದು," ಎಂದಳು.

ಬೈಯಲಿಲ್ಲ. ಬಸ್ಸಿನ ಹೊತ್ತಾಯಿತು ಎಂದು ಅವಳೇ ಎಬ್ಬಿಸಿ ಕಳುಹಿಸಿದಳು.

ನನ್ನ ಪತ್ರವನ್ನು ನಿನ್ನ ಗೋಡೆಯಿಂದ ಕಿತ್ತುಹಾಕು. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಬೋರಮ್ಮನನ್ನು ಮಾತ್ರ ಕರೆ.

ಗಿರಿಜಾಂಬ


ರಾಮನಗರ
4 ಏಪ್ರಿಲ್ 2026

ಮೇಡಂ,

ಒಂದು ತಿಂಗಳಿಂದ ಈ ಕಾಗದ ಬರೆದು ಹರಿಯುತ್ತಿದ್ದೇನೆ.

ನಿಮ್ಮ ಪತ್ರ ಬಂದ ದಿನ ನಮ್ಮ ಮನೆಯವರಿಗೂ ಹೇಳಲಿಲ್ಲ. ಮೂರು ದಿನ ಕೆಲಸದವರ ಮುಖ ನೋಡಲಾಗಲಿಲ್ಲ. ನಿಮ್ಮ ಮೇಲೆ ಬಂದ ಸಿಟ್ಟಿಗಿಂತ ನನ್ನ ಮೇಲೆ ನನಗೆ ಬಂದ ಸಿಟ್ಟು ಹೆಚ್ಚು. ಆ ಮಾತು ಬೋರಮ್ಮ ಆಡಿದ್ದು ಗೊತ್ತಿದ್ದವರು ಯಾರು ಯಾರು ಎಂದು ಎಣಿಸಿದಾಗ, ನಿಮಗೆ ಬರೆದದ್ದು ನನಗೆ ನೆನಪಿತ್ತು ಮೇಡಂ. ನೆನಪಿದ್ದೂ ನಿಮ್ಮನ್ನು ಎಣಿಸಲಿಲ್ಲ. ನೀವು ಮೇಡಂ, ಅವಳು ಕೂಲಿಯವಳು. ಅಷ್ಟೇ ವಿಚಾರಣೆ ನಾನು ಮಾಡಿದ್ದು.

ಗುಡೇಮಾರನಹಳ್ಳಿಗೆ ಹೋಗಿ ಎಲ್ಲರ ಎದುರು ಅಂದದ್ದನ್ನು ಎಲ್ಲರ ಎದುರೇ ವಾಪಸ್ಸು ತೆಗೆದುಕೊಳ್ಳುತ್ತೇನೆ, ಬಾ ಎಂದೆ. ಯುಗಾದಿ ಮುಗಿಸಿ ಬಂದಳು. ಅವತ್ತು ಒಲೆ ಹೊತ್ತಿಸುವ ಮುಂಚೆ ಎಲ್ಲರನ್ನೂ ಸೇರಿಸಿ ಹೇಳಿದೆ. ನಿಮ್ಮ ಹೆಸರನ್ನೂ ಹೇಳಿದೆ. ಮುಚ್ಚಿಡಲಿಲ್ಲ. ಬೋರಮ್ಮ, "ಆಯ್ತು ಬುಡಿ, ನೀರು ಕಾಯ್ತಾ ಐತೆ" ಎಂದು ಕೂತಳು. ಮೊದಲಿನ ಹಾಗೆ ನನ್ನ ಜೊತೆ ಮಾತಾಡುವುದಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ.

ವಾಸಿಂಗೆ ಫೋನು ಮಾಡಿದೆ. ಟಿಕೆಟ್ ಕೊಡಿಸಿದವರೇ ಬರೆದವರಾ ಎಂದು ನಿಖಾತ್ ಎರಡು ಸಲ ಕೇಳಿದಳು. ಹೌದು ಎಂದೆ. ಫೋನು ಅವನ ಕೈಗೆ ಹೋಯಿತು. ಅವನು, ಮಾರುಕಟ್ಟೆಯಲ್ಲಿ ಗೂಡಿನ ರೇಟು ಎಷ್ಟು ಎಂದು ಕೇಳಿದ.

ಕ್ಷಮೆಯ ಮಾತು ನನ್ನ ಹತ್ತಿರ ಇಲ್ಲ ಮೇಡಂ. ಕೊಡಬೇಕಾದವರು ಅವರು. ವಿಳಾಸ ಕೆಳಗೆ ಬರೆದಿದ್ದೇನೆ. ಅವನಿಗೆ ಕನ್ನಡ ಓದಲು ಬರುವುದಿಲ್ಲ. ಹಿಂದಿಯಲ್ಲಿ ಬರೆಸಿದರೆ ಓದಿಸಿಕೊಳ್ಳುತ್ತಾನೆ.

ನಿಮ್ಮ ಸಕ್ಕರೆ ಕಾಯಿಲೆಯ ಮಾತ್ರೆ ಬಿಡಬೇಡಿ.

ಮುಬಶ್ಶಿರಾ


ಮಾಗಡಿ
10 ಏಪ್ರಿಲ್ 2026

ಶ್ರೀ ವಾಸಿಂ ಅವರಿಗೆ,

ನಾನು ಕನ್ನಡದಲ್ಲಿ ಬರೆದದ್ದನ್ನು ನನ್ನ ತಮ್ಮನ ಮಗಳು ಹಿಂದಿಗೆ ಮಾಡಿದ್ದಾಳೆ. ಎರಡನ್ನೂ ಇಟ್ಟಿದ್ದೇನೆ. ಯಾವ ಸಾಲನ್ನೂ ಮೆದು ಮಾಡಬೇಡ ಎಂದು ಅವಳಿಗೆ ಹೇಳಿದ್ದೇನೆ.

ಜನವರಿಯಲ್ಲಿ ನಿಮ್ಮ ಮೇಲೆ ಪತ್ರಿಕೆಗೆ ಬರೆದವಳು ನಾನು. ಬೋರಮ್ಮನವರಲ್ಲ. ನಿಮ್ಮ ಯಜಮಾನತಿ ಮುಬಶ್ಶಿರಾ ನಂಬಿಕೆಯಿಂದ ನನಗೆ ಹೇಳಿದ್ದನ್ನು ನಾನು ಹಾಗೆ ಬಳಸಿದೆ. ನೀವು ಇಪ್ಪತ್ತೊಂದು ದಿನ ಒಳಗಿದ್ದಿರಿ. ನಾನು ಅಷ್ಟೂ ದಿನ ಹೊತ್ತಿಗೆ ಸರಿಯಾಗಿ ಕಾಫಿ ಕುಡಿದೆ, ಪೇಪರು ಓದಿದೆ. ನಿಮ್ಮ ಹೆಂಡತಿ ಟಿಕೆಟಿಗಾಗಿ ನನಗೆ ಕೃತಜ್ಞತೆ ಹೇಳಿ ಕಳುಹಿಸಿದಾಗ ಅದನ್ನೂ ತೆಗೆದುಕೊಂಡೆ.

ಇದನ್ನೆಲ್ಲ ನನ್ನ ಹೆಸರು ಹಾಕಿ ಅದೇ ಪತ್ರಿಕೆಗೆ ಬರೆದು ಕಳುಹಿಸಿದೆ. ವಿಷಯ ಹಳೆಯದಾಯಿತು ಎಂದು ಅವರು ಹಾಕಲಿಲ್ಲ. ಆದ್ದರಿಂದ ನನ್ನ ಸಹಿಯ ಪ್ರತಿಯೊಂದನ್ನು ಇಲ್ಲಿ ಇಟ್ಟಿದ್ದೇನೆ. ಇನ್ನೊಂದನ್ನು ಠಾಣೆಗೆ ಕೊಟ್ಟು ಬಂದಿದ್ದೇನೆ. ನಾಳೆ ಎಲ್ಲಾದರೂ ಯಾರಾದರೂ ಜನವರಿಯ ಮಾತು ತೆಗೆದರೆ ತೋರಿಸಿ.

ನೀವು ಉತ್ತರ ಬರೆಯಬೇಕಾಗಿಲ್ಲ.

ರಾಮನಗರ ಇಲ್ಲಿಂದ ಒಂದು ಗಂಟೆಯ ಬಸ್ಸಿನ ದಾರಿ. ಮುಬಶ್ಶಿರಾ ಎಷ್ಟೋ ಸಲ ಕರೆದಿದ್ದಳು. ಬಂದಿದ್ದರೆ ನೀವು ಕೆಲಸ ಮಾಡುವುದನ್ನು ನೋಡುತ್ತಿದ್ದೆ, ಊರು ಯಾವುದು ಎಂದು ಕೇಳುತ್ತಿದ್ದೆ. ನಾನು ಬರಲಿಲ್ಲ. ನಿಮ್ಮ ಮುಖ ಹೇಗಿದೆ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ನಿಮ್ಮ ಬಗ್ಗೆ ನನಗೆ ಇದ್ದದ್ದು ಅಭಿಪ್ರಾಯ ಮಾತ್ರ.

ಗಿರಿಜಾಂಬ
ನಿವೃತ್ತ ಶಿಕ್ಷಕಿ, ಮಾಗಡಿ